ಕಿವಿಗೇರದ ಖಾರ

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರ ಉಪ್ಪಿಟ್ಟಿಗೆ ಎಷ್ಟು ಹಸಿಮೆಣಸಿನಕಾಯಿ ಹಾಕಬೇಕು ಎಂಬುದನ್ನು ಹೆಂಗಸರು ಒಲೆಯ ಮುಂದೆ ತೀರ್ಮಾನಿಸುವುದಿಲ್ಲ. ಅದಕ್ಕೆ ಮನೆಯ ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತು ಮಾತಾಡಬೇಕು. ಕಡಿಮೆ ಹಾಕಿದರೆ ಹುಡುಗನ ಕಡೆಯವರು ಬಾಯಿಗೆ ಬಂದ ಸುಳ್ಳು ಹೇಳಿ ಹೋಗುತ್ತಾರೆ. ಹೆಚ್ಚು ಹಾಕಿದರೆ ಅದೇ ಉಪ್ಪಿಟ್ಟು ತಿಂದ ನಮ್ಮವರೂ ಹುಡುಗಿಯ ವಯಸ್ಸು ಒದರಿಬಿಡುತ್ತಾರೆ. ಉಪ್ಪಿಟ್ಟಿನ ಖಾರಕ್ಕೆ ಉಪ್ಪಿಟ್ಟಿನಷ್ಟೇ ನಿಜ. ವಯಸ್ಸು, ಸಂಬಳ, ಕಟ್ಟಿಸಿದ ಹಲ್ಲು, ಇಂಥ ಸಣ್ಣಪುಟ್ಟದ್ದು ಅದಕ್ಕೆ ಹೊರಡುತ್ತದೆ. ದೊಡ್ಡ ನಿಜ ಬೇಕಾದರೆ ಸೀಸೆಯ ಖಾರವೇ ಆಗಬೇಕು.

ಸೀಸೆಯ ಖಾರ ಅಂದರೆ ರಂಜಕ. ಹಣ್ಣಾದ ಕೆಂಪು ಮೆಣಸಿನಕಾಯಿಗೆ ಉಪ್ಪು, ಬೆಳ್ಳುಳ್ಳಿ, ಹುರಿದ ಮೆಂತ್ಯದ ಪುಡಿ, ಲಿಂಬೆಯ ರಸ ಹಾಕಿ ರುಬ್ಬಿ, ಹುಳಿ ಏರುವವರೆಗೆ ಕಾಯ್ದು ತುಂಬಿಟ್ಟದ್ದು. ಅದನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡರೆ, ಉರಿ ಇರುವವರೆಗೆ ಸುಳ್ಳು ಬಾಯಿಂದ ಹೊರಡುವುದಿಲ್ಲ. ಗಂಟಲಲ್ಲೇ ಅಂಟಿ ಕೂರುತ್ತದೆ. ಅದರ ಹಿಂದೆ ನಿಂತ ನಿಜ ಅದನ್ನು ಪಕ್ಕಕ್ಕೆ ತಳ್ಳಿ ತಾನು ಬರುತ್ತದೆ. ಇದು ನಮ್ಮೂರಲ್ಲಿ ಮಾತ್ರವಂತೆ. ಬೇರೆ ಊರುಗಳಲ್ಲಿ ಖಾರ ತಿಂದವರು ಬರೀ ನೀರು ಕುಡಿಯುತ್ತಾರಂತೆ. ಅವರು ಒಬ್ಬರನ್ನೊಬ್ಬರು ನಂಬುವುದು ಹೇಗೋ ನನಗೆ ತಿಳಿಯದು.

ನಾವಂತೂ ಇದಕ್ಕೆ ಹೊಂದಿಕೊಂಡೇ ಬಾಳಿದ್ದೇವೆ. ಎತ್ತು ಮಾರುವವನು ಸಂತೆಗೆ ಬರುವ ಮೊದಲು ಹೊಟ್ಟೆ ತುಂಬ ಮೊಸರನ್ನ ಉಂಡು ಬರುತ್ತಾನೆ. ಕೊಳ್ಳುವವನು ಚೀಲದಲ್ಲಿ ಮಿರ್ಚಿ ಭಜಿ ಇಟ್ಟುಕೊಂಡು ಬಂದು, “ತಿನ್ರಿ, ಬಿಸಿ ಅದಾವ” ಎಂದು ಉಪಚಾರ ಮಾಡುತ್ತಾನೆ. ಚುನಾವಣೆಗೆ ನಿಂತವರಿಗೆಲ್ಲ ಹೊಟ್ಟೆಹುಣ್ಣು ಇರುತ್ತದೆ, ಖಾರ ಕೂಡದು ಎಂದು ಡಾಕ್ಟರೇ ಹೇಳಿರುತ್ತಾರೆ. ಗಂಡಸರು ಮನೆಯಲ್ಲಿ ಸಪ್ಪೆ ಉಂಡು, ಖಾನಾವಳಿಯಲ್ಲಿ ಗೋಡೆ ಕಡೆ ಮುಖ ಮಾಡಿ ಒಬ್ಬೊಬ್ಬರೇ ಕೂತು ಖಾರ ತಿನ್ನುತ್ತಾರೆ. ಇಷ್ಟು ನಿಜ ಹೊರಬೀಳುವ ಊರಲ್ಲಿ ಮಂದಿ ಕೂಡಿ ಬಾಳಬೇಕಲ್ಲ, ಅದಕ್ಕೆ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದಾರೆ: ಮಜ್ಜಿಗೆ ಕುಡಿದ ಮೇಲೆ ಮಾತಿಲ್ಲ. ಉರಿಯಲ್ಲಿ ಆಡಿದ್ದು ಖಾರದ ಮಾತು, ಮನುಷ್ಯರ ಮಾತಲ್ಲ. ಅದರಲ್ಲಿ ಪಂಚರ ತೀರ್ಪಿಗೆ ಬೇಕಾದಷ್ಟನ್ನು ಪಂಚರು ತೆಗೆದುಕೊಳ್ಳುತ್ತಾರೆ. ಉಳಿದದ್ದು ಮಜ್ಜಿಗೆಯ ಜೊತೆ ಇಳಿದು ಹೋಗಬೇಕು, ಮತ್ತೆ ಯಾರೂ ಎತ್ತಿ ಆಡುವಂತಿಲ್ಲ. ಅತ್ತೆಯನ್ನು ಗೂಬೆ ಎಂದು ಕರೆದ ಸೊಸೆ ಮರುದಿನ ಅದೇ ಅತ್ತೆಯ ಕಾಲು ಒತ್ತುತ್ತಾಳೆ, ಅತ್ತೆಯೂ ಒತ್ತಿಸಿಕೊಳ್ಳುತ್ತಾಳೆ.

ಇಂಥ ಊರಿಗೆ ನಾನು ನಾಲಿಗೆ. ಹೆಸರು ರೇವವ್ವ, ಎಲ್ಲರ ಬಾಯಲ್ಲಿ ರೇವಕ್ಕ. ಕಸುಬು ರವಿಕೆ ಹೊಲಿಯುವುದು. ಸುಗ್ಗಿ ಮುಗಿದ ಮೇಲಿನ ಹುಣ್ಣಿಮೆಗೆ ಹೊಸ ವರ್ಷದ ಸೀಸೆಯನ್ನು ಕಟ್ಟೆಗೆ ತರುತ್ತಾರೆ. ಅದನ್ನು ಊರವರ ಮುಂದೆ ರುಚಿ ನೋಡುವವಳು ನಾನು. ಗಂಡ ತೀರಿಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಇವಳ ಬಾಯಿಂದ ಏನು ಹೊರಬಿದ್ದರೂ ಯಾರ ಸಂಸಾರವೂ ಒಡೆಯುವುದಿಲ್ಲ ಎಂದು ಯೋಚಿಸಿ ಊರು ನನ್ನನ್ನು ಆರಿಸಿತು. ಆಗ ಆ ಯೋಚನೆ ಸರಿಯಾಗಿಯೇ ಇತ್ತು.

ಖಾರ ಹೇಗಿದೆ ಎಂದು ಮಾತ್ರ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿ ಪ್ರಯೋಜನವೂ ಇಲ್ಲ. ಖಾರ ಸಪ್ಪೆಯಾಗಿದ್ದರೆ, ಚೆನ್ನಾಗಿದೆ ಎಂದು ನಾನು ಸರಾಗವಾಗಿ ಸುಳ್ಳು ಹೇಳಬಹುದಲ್ಲ. ಅದಕ್ಕೇ ನೆರೆದವರಲ್ಲಿ ಯಾರಾದರೂ ಎದ್ದು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ. ಸತ್ತರೂ ಹೇಳಬಾರದು ಅಂತ ನಾನು ಇಟ್ಟುಕೊಂಡಿರುವಂಥದ್ದನ್ನೇ ಹುಡುಕಿ ಕೇಳಬೇಕು. ನಾನು ಒದ್ದಾಡಿ ಬೆವರಿ ಕೊನೆಗೆ ಹೇಳಿಬಿಟ್ಟರೆ ಖಾರ ಗೆದ್ದಿತು. ಸಲೀಸಾಗಿ ಏನೋ ಒಂದು ಹೇಳಿ ಕೂತರೆ ಖಾರ ಬಿದ್ದಿತು, ಸೀಸೆಯ ಮೇಲಿನ ಹೆಸರು ಇಳಿಯಿತು, ಇನ್ನೊಂದು ಮನೆಯ ಹೆಸರು ಏರಿತು. ಹಿಂದೊಮ್ಮೆ ನನ್ನ ನೆಗೆಣ್ಣಿ ಶಿವಲಿಂಗವ್ವ ಎದ್ದು, “ನನ್ನ ಜರದ ರವಿಕಿ ಅರಿವ್ಯಾಗ ಮಿಕ್ಕಿದ್ದು ಎಲ್ಲೈತಿ?” ಎಂದು ಕೇಳಿದ್ದಳು. ಏನೂ ಮಿಕ್ಕಲಿಲ್ಲ ಎನ್ನಲು ಬಾಯಿ ತೆರೆದೆ. “ನನ್ನ ತಲಿದಿಂಬಿಗೆ ಹೊಲಕೊಂಡೀನಿ” ಎಂದು ಬಂತು. ಕಟ್ಟೆಗೆ ಕಟ್ಟೆಯೇ ನಕ್ಕಿತು. ಮಜ್ಜಿಗೆ ಕುಡಿದೆವು. ಅವಳು ಆಮೇಲೆ ಒಂದು ದಿನವೂ ಅದರ ಸುದ್ದಿ ತೆಗೆಯಲಿಲ್ಲ. ಆದರೆ ರವಿಕೆ ಹೊಲಿಸಲು ಬಂದಾಗೆಲ್ಲ ಬಟ್ಟೆಯನ್ನು ನನ್ನ ಕಣ್ಣೆದುರಿಗೇ ಮೊಳ ಹಾಕಿ ಕೊಡುತ್ತಾಳೆ.

ಸೀಸೆಯ ಮೇಲೆ ಇದ್ದದ್ದು ಚಂದ್ರವ್ವನ ಹೆಸರು. ಮೊದಲೆಲ್ಲ ಮನೆಮನೆಗೂ ಒಂದೊಂದು ಭರಣಿಯಂತೆ, ಒಂದೊಂದು ಖಾರವಂತೆ, ಹಾಗಾಗಿ ಒಂದೊಂದು ಮನೆಗೆ ಒಂದೊಂದು ನಿಜವಂತೆ. ಅದನ್ನು ನಿಲ್ಲಿಸಿ, ಊರಿಗೆಲ್ಲ ಒಂದೇ ಖಾರವನ್ನು ಒಂದೇ ಅಳತೆಯ ಸೀಸೆಗೆ ತುಂಬಿ ಕೊಟ್ಟವಳು ಅವಳು. ಮಂದಿ ರಂಜಕ ಅನ್ನುವುದನ್ನೇ ಬಿಟ್ಟು, “ಒಂದೀಟು ಚಂದ್ರವ್ವ ತೊಗೊಂಬಾ” ಅನ್ನುತ್ತಿದ್ದರು. ಅವಳ ಖಾರ ಮೊದಲು ನಾಲಿಗೆಯ ತುದಿಯನ್ನು ಚುಚ್ಚಿ, ಗಂಟಲಲ್ಲಿ ಸ್ವಲ್ಪ ಕೂತು, ಆಮೇಲೆ ಕಿವಿಗೇರುತ್ತಿತ್ತು. ಕಿವಿಗೇರಬೇಕು, ಆಗಲೇ ಅದು ಖಾರ. ನಾಲಿಗೆಯಲ್ಲೇ ಸತ್ತು ಹೋಗುವ ಉರಿಗೆ ಹೆದರಿ ಯಾವ ಸುಳ್ಳೂ ಹಿಂದೆ ಸರಿಯುವುದಿಲ್ಲ.

ಅವಳ ಗಂಡ ಈರಭದ್ರಪ್ಪ. ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಸೀಸೆ ತೊಳೆದು ಬಿಸಿಲಿಗಿಡುವುದು, ಹೆಸರಿನ ಚೀಟಿ ಅಂಟಿಸುವುದು ಇಷ್ಟು ಅವರ ಪಾಲಿನ ಕೆಲಸ. ರುಬ್ಬುವ ಕಲ್ಲಿನ ಹತ್ತಿರ ಅವಳು ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾಳಿಯಲ್ಲೇ ಖಾರ ಇರುತ್ತಿತ್ತು, ಹಾಗಾಗಿ ಗಂಡಹೆಂಡತಿ ಇಡೀ ದಿನ ನಿಜವನ್ನೇ ಮಾತಾಡುತ್ತಿದ್ದರು. ಹೊರಗೆ ನಿಂತು ಕೇಳಿದವರಿಗೆ ಜಗಳ ಅನ್ನಿಸಬೇಕು. “ನಿಮ್ಮ ಮಾರಿ ನೋಡಿದ್ರ ಇವತ್ತ ಬ್ಯಾಸರ ಬರಾಕತ್ತೈತಿ” ಎಂದು ಅವಳು. “ನನಗೂ ಹಂಗ ಆಗೇತಿ, ಸಂಜೀಕ ನೋಡೂಣು” ಎಂದು ಅವರು. ಸಂಜೆಗೆ ಇಬ್ಬರೂ ಕಟ್ಟೆಯ ಮೇಲೆ ಒಟ್ಟಿಗೆ ಕೂತು ಶೇಂಗಾ ತಿನ್ನುತ್ತಿದ್ದರು. ನಾನು ಅವಳ ಗೆಳತಿ. ಊರಲ್ಲಿ ನನಗೆ ಹೊಟ್ಟೆಕಿಚ್ಚು ಬಂದ ಜೋಡಿ ಅದೊಂದೇ.

ಚಂದ್ರವ್ವ ಕಾಯಿಲೆ ಬಿದ್ದಾಗ ಡಾಕ್ಟರು ಖಾರ ಬಿಡಿಸಿದರು. ಮೆಣಸಿನಕಾಯಿಯ ಚೀಲಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದರು. ಅವಳು ಹುಟ್ಟಿದಂದಿನಿಂದ ಮೊದಲ ಸಲ ಸಪ್ಪೆ ಉಂಡಳು, ಮೊದಲ ಸಲ ಸುಳ್ಳು ಹೇಳಲು ಕಲಿತಳು. ನೋವಿಲ್ಲ ಎಂದಳು. ಹಬ್ಬದ ಹೊತ್ತಿಗೆ ಎದ್ದು ಓಡಾಡುತ್ತೇನೆ ಎಂದಳು. ಖಾರ ಮಾಡುವ ಬಗೆಯನ್ನು ಗಂಡನಿಗೆ ಕೂರಿಸಿಕೊಂಡು ಹೇಳಿಕೊಟ್ಟದ್ದೂ ಆ ದಿನಗಳಲ್ಲೇ. ಅದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು, ಎಷ್ಟು ಜ್ವರದ ಮರೆವು ಎಂದು ಕೇಳೋಣವೆಂದರೆ ಹಬ್ಬಕ್ಕೆ ಅವಳೇ ಇರಲಿಲ್ಲ.

ನಾನು ಊಟ ಒಯ್ಯಲು ಶುರುಮಾಡಿದ್ದು ಆಮೇಲೆ. ಗೆಳತಿಯ ಗಂಡ ಹಸಿದಿರಬಾರದು ಎಂದು ರೊಟ್ಟಿ, ಪಲ್ಯ, ಒಂದು ಗಿಂಡಿ ಸಾರು. ಅವರು ಬಾಗಿಲು ತೆಗೆದು “ಬರ್ರಿ” ಅನ್ನುತ್ತಿದ್ದರು, ಖಾಲಿ ಡಬ್ಬಿ ತೊಳೆದು ಕೊಡುತ್ತಿದ್ದರು, ಅಷ್ಟೇ ಮಾತು. ಅದು ಯಾವಾಗ ಬೇರೆಯಾಯಿತೋ ನನಗೆ ಸರಿಯಾಗಿ ಗೊತ್ತಿಲ್ಲ. ಒಂದು ದಿನ ಡಬ್ಬಿ ಕಟ್ಟಿದ ಮೇಲೆ ಸೀರೆ ಬದಲಿಸಿ ಕನ್ನಡಿ ನೋಡಿಕೊಳ್ಳುತ್ತಿದ್ದೆ. ಡಬ್ಬಿ ಕೊಡಲು ಹೋಗುವವಳಿಗೆ ಸೀರೆ ಬದಲಿಸುವ ಕೆಲಸವೇನು? ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ನನ್ನನ್ನೇ ಬೈದುಕೊಂಡೆ. ಬೈಗುಳದಿಂದ ಏನೂ ಆಗಲಿಲ್ಲ. ಅವತ್ತಿನಿಂದ ಅವರ ಮನೆಗೆ ಹೋಗುವ ಮೊದಲು ಒಂದು ಬಟ್ಟಲು ಮೊಸರು ಕುಡಿದೇ ಹೊರಡುತ್ತಿದ್ದೆ.

ಸುಗ್ಗಿ ಬಂತು. ಹೊಸ ಮೆಣಸಿನಕಾಯಿಯ ಚೀಲಗಳು ಮತ್ತೆ ಮನೆಯೊಳಗೆ ಬಂದವು. ಈರಭದ್ರಪ್ಪ ತಾವೇ ರುಬ್ಬುವ ಕಲ್ಲಿನ ಮುಂದೆ ಕೂತರು. ಯಾಕಿಷ್ಟು ಹಟ, ಒಂದು ವರ್ಷ ಬೇರೆ ಮನೆಗೆ ಬಿಡಬಾರದೇ ಎಂದು ನಾನು ಕೇಳಿದೆ.

“ಮಕ್ಕಳಿಲ್ಲ ಮರಿ ಇಲ್ಲ ರೇವಕ್ಕ,” ಎಂದರು. “ಆಕಿ ಹೆಸರು ದಿನಾ ಮಂದಿ ಬಾಯಾಗ ಬರೂದು ಆ ಸೀಸೇದಿಂದ. ಒಂದ ವರ್ಷ ಇಳೀತಂದ್ರ ಮತ್ತ ಏರೂದಿಲ್ಲ. ಅದೂ ಹೋತಂದ್ರ ಆಕಿ ಖರೇನ ಸತ್ತಂಗ.”

ನಾನು ಡಬ್ಬಿ ತೆಗೆದುಕೊಂಡು ಬಂದೆ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡೆ. ಅವಳಿಗಾಗಿ ಅತ್ತೆನೋ ಅವರಿಗಾಗಿಯೋ ನನಗಾಗಿಯೋ, ಅದನ್ನೆಲ್ಲ ಬಿಡಿಸಿ ನೋಡುವ ಧೈರ್ಯ ಆಗಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಕಟ್ಟೆಯ ಮುಂದೆ ಊರು ಸೇರಿತು. ಪಂಚರ ಹಿರಿಯರಾದ ಗುರುಪಾದ ಮಾಸ್ತರು ನಡುವೆ, ಅವರ ಪಕ್ಕಕ್ಕೆ ಒಂದು ಮಣೆ, ಮಣೆಯ ಮೇಲೆ ನಾನು. ಮುಂದಿನ ಸಾಲಿನಲ್ಲಿ ಶಿವಲಿಂಗವ್ವ ಹೊಸ ಸೀರೆ ಉಟ್ಟು ಕೂತಿದ್ದಳು. ಚಂದ್ರವ್ವನ ಹೆಸರು ಇಳಿದರೆ ಏರಬೇಕಾದದ್ದು ಅವಳ ಹೆಸರು. ಅವಳ ಖಾರ ಕೆಟ್ಟದ್ದೇನೂ ಅಲ್ಲ. ಸ್ವಲ್ಪ ಒರಟು, ಆದರೆ ಕಿವಿಗೇರುತ್ತದೆ. ಇಷ್ಟು ವರ್ಷ ಎರಡನೆಯವಳಾಗಿಯೇ ಕೂತು ಕೂತು ಅವಳಿಗೂ ಸಾಕಾಗಿತ್ತು ಪಾಪ. ಈರಭದ್ರಪ್ಪ ಸೀಸೆ ತಂದು ನನ್ನ ಮುಂದಿಟ್ಟು, ನನ್ನ ಮುಖವನ್ನೂ ನೋಡದೆ ಹೋಗಿ ಕಂಬಕ್ಕೆ ಆತು ನಿಂತರು.

ಬಣ್ಣ ನೋಡಿದ ಕೂಡಲೇ ಕಟ್ಟೆ ಆಹಾ ಎಂದಿತು. ಚಂದ್ರವ್ವನ ಖಾರಕ್ಕೂ ಅಂಥ ಬಣ್ಣ ಇರಲಿಲ್ಲ. ನನಗೆ ಅಲ್ಲಿಯೇ ಅನುಮಾನ ಬಂತು. ಅವಳು ಎರಡು ತರಹದ ಕಾಯಿ ಹಾಕುತ್ತಿದ್ದಳು, ಬಣ್ಣಕ್ಕೆ ಉದ್ದನೆಯ ಸುಕ್ಕುಗಾಯಿ, ಉರಿಗೆ ಗಿಡ್ಡನೆಯ ಚೋಟುಗಾಯಿ. ಇದರಲ್ಲಿ ಬರೀ ಸುಕ್ಕುಗಾಯಿ ಇದ್ದಂತೆ ಕಂಡಿತು. ಮುಚ್ಚಳ ತೆಗೆದೆ. ಬೆಳ್ಳುಳ್ಳಿ ಸರಿಯಾಗಿತ್ತು, ಮೆಂತ್ಯ ಕೂದಲೆಳೆಯಷ್ಟು ಹೆಚ್ಚಾಗಿತ್ತು. ಬೆರಳಲ್ಲಿ ತೆಗೆದು ನಾಲಿಗೆಗಿಟ್ಟೆ. ಮೊದಲು ಲಿಂಬೆ ಬಂತು. ಅದರ ಹಿಂದೆ ಉಪ್ಪು, ಹದವಾಗಿ. ಆಮೇಲೆ ಕಾಯಿಯ ಸಿಹಿ. ಅದಾದ ಮೇಲೆ ಉರಿ ಬರಬೇಕು. ಕಾದೆ. ನಾಲಿಗೆಯ ತುದಿಯಲ್ಲಿ ಇರುವೆ ಹರಿದಷ್ಟು ಏನೋ ಆಯಿತು, ಅದೂ ಹೋಯಿತು. ಗಂಟಲು ತಣ್ಣಗಿತ್ತು. ಕಿವಿಗಳು ತಮ್ಮ ಪಾಡಿಗೆ ತಾವಿದ್ದವು. ಇನ್ನೊಂದು ಬೆರಳು ತೆಗೆದು ಚಪ್ಪರಿಸಿದೆ. ರೊಟ್ಟಿಗೆ ಹಚ್ಚಿ ತಿನ್ನಲು ಇದಕ್ಕಿಂತ ರುಚಿಯಾದದ್ದು ಬೇಡ. ಪಕ್ಕಕ್ಕೆ ಒಂದು ಮಿಳ್ಳೆ ತುಪ್ಪ ಇದ್ದರೆ ಇನ್ನೂ ಚೆನ್ನ. ಆದರೆ ಖಾರ ಅಂತ ಕರೆಯಲು ಇದರಲ್ಲಿ ಏನೂ ಇರಲಿಲ್ಲ.

ಚೋಟುಗಾಯಿಯ ಮಾತನ್ನು ಚಂದ್ರವ್ವ ಹೇಳಿಯೇ ಇರಲಿಲ್ಲವೆಂದಾಯಿತು. ತೊಟ್ಟು ಬಿಡಿಸಿಕೊಡುತ್ತಿದ್ದ ಆ ಮನುಷ್ಯನಿಗೆ ಎರಡು ಚೀಲ ಕಂಡಿರಲೇಬೇಕು. ಆದರೆ ಸಾಯುವ ಹೆಂಡತಿ ಹೇಳಿದ್ದರ ಮೇಲೆ ಒಂದು ಕಾಳು ಹೆಚ್ಚು ಹಾಕಲು ಅವರಿಗೆ ಕೈ ಬಂದಿರಲಿಕ್ಕಿಲ್ಲ. ಕಂಬಕ್ಕೆ ಆತು ನಿಂತಿದ್ದ ಅವರನ್ನು ನೋಡಿದೆ. ಮುಂಗೈಯವರೆಗೂ ಕೆಂಪು ಬಣ್ಣ ಹತ್ತಿ ಕೂತಿತ್ತು, ಉಗುರಿನ ಸಂದಿಯಲ್ಲೆಲ್ಲ.

“ಪ್ರಶ್ನೆ ಯಾರದು?” ಎಂದರು ಮಾಸ್ತರು.

ಶಿವಲಿಂಗವ್ವ ಎದ್ದಳು. ಸೆರಗು ಸರಿಮಾಡಿಕೊಂಡಳು. ಇದನ್ನು ಅವಳು ತಿಂಗಳುಗಟ್ಟಲೆ ಬಾಯಲ್ಲಿ ತಿರುವಿ ತಿರುವಿ ನುಣ್ಣಗೆ ಮಾಡಿ ತಂದಿದ್ದಳು.

“ರೇವಕ್ಕ, ಚಂದ್ರವ್ವ ಹೋದಾಗಿಂದ ನೀ ಈರಭದ್ರಪ್ಪನ ಮನೀಗೆ ದಿನಾ ಬುತ್ತಿ ಒಯ್ತಿ. ಅದು ಧರ್ಮಕ್ಕೋ, ಮನಸಿಗೋ?”

ಧರ್ಮಕ್ಕ ಎಂಬ ಮಾತನ್ನು ನಾನು ಬಾಯ ಹತ್ತಿರ ತಂದೆ. ಅದು ಎಲ್ಲಿಯೂ ಅಂಟಲಿಲ್ಲ. ಹಿಂದಿನ ವರ್ಷಗಳಲ್ಲಿ ಸುಳ್ಳು ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ತರಿಸುತ್ತಿತ್ತು. ಈಗ ತುಟಿಯ ಒಳಗೆ ಬಂದು, ಹೇಳು ಎಂದು ಆರಾಮವಾಗಿ ಕೂತಿತ್ತು. ಹೇಳಿದರೆ ನನ್ನ ಮಾನ ಉಳಿಯಿತು. ಅಷ್ಟು ಸಲೀಸಾಗಿ ಹೇಳಿದ್ದನ್ನು ಮಾಸ್ತರು ನೋಡಿ, ಖಾರ ಬಿದ್ದಿತು ಎನ್ನುತ್ತಾರೆ. ಚಂದ್ರವ್ವನ ಹೆಸರು ಅಲ್ಲಿಗೆ ಮುಗಿಯಿತು. ಆ ಕೆಂಪು ಕೈಗಳು ಮನೆಗೆ ಹೋಗಿ ಅಂಟಿಸಿದ ಚೀಟಿಗಳನ್ನೆಲ್ಲ ಕೆರೆದು ತೆಗೆಯಬೇಕು. ಬೇರೆ ಏನಾದರೂ ನಾಚಿಕೆಗೇಡಿನ ಸುಳ್ಳು ಕಟ್ಟಿ ಒದ್ದಾಡಿದಂತೆ ನಟಿಸಲೇ ಎಂದು ಯೋಚಿಸಿದೆ. ಧರ್ಮ ಅಲ್ಲದಿದ್ದರೆ ಮನಸ್ಸು, ಆ ಹಾಳು ಪ್ರಶ್ನೆಯಲ್ಲಿ ಮೂರನೆಯ ದಾರಿಯೇ ಇರಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿದ್ದೆ. ಖಾರ ಗೆದ್ದಿತು ಎಂದು ಊರು ನಂಬಬೇಕಾದರೆ ನಾನು ನಿಜ ಹೇಳಬೇಕು. ಅದನ್ನು ಹೊರಗೆ ತಳ್ಳಲು ಒಳಗೆ ಏನೂ ಇಲ್ಲ, ನಾನೇ ತಳ್ಳಬೇಕು.

ಉಸಿರು ಬಿಗಿಹಿಡಿದೆ, ಮುಖ ಕೆಂಪಾಗಲಿ ಎಂದು. ಒದ್ದಾಟ ನಟಿಸುವ ಅಗತ್ಯ ಬೀಳಲಿಲ್ಲ. ಬೆವರಿಗೆ ರವಿಕೆ ಬೆನ್ನಿಗಂಟಿತು. ಚಂದ್ರವ್ವನ ಖಾರ ಇದ್ದಿದ್ದರೆ ಅರೆಗಳಿಗೆಯಲ್ಲಿ ಮುಗಿಯುತ್ತಿದ್ದ ಕೆಲಸ ಅದು.

“ಮನಸಿಗೆ,” ಎಂದೆ.

ಮಾಸ್ತರು ಕಿವಿ ಮುಂದೆ ತಂದರು. ಹೇಳಿದ ಮೇಲೆ ಅರ್ಧಕ್ಕೆ ನಿಲ್ಲಿಸುವುದು ಹೇಗೆ?

“ಮೊದಲ ಧರ್ಮಕ್ಕ ಒಯ್ದೆ. ಈಗ ಅಲ್ಲ. ಅವರು ಬಾಗಲಾ ತಗದು ಬರ್ರಿ ಅಂತಾರಲ್ಲ, ಅದನ್ನ ಕೇಳಾಕ ಹೋಗ್ತೀನಿ. ಅವರು ಮನ್ಯಾಗ ಇರದಿದ್ದ ದಿನ ನನಗ ಊಟ ಹೋಗೂದಿಲ್ಲ.”

ಯಾರೂ ನಗಲಿಲ್ಲ. ತಲೆದಿಂಬಿಗೆ ನಕ್ಕ ಮಂದಿ ಇದಕ್ಕೆ ತಲೆ ತಗ್ಗಿಸಿದರು. ನಮ್ಮೂರವರು ಕೆಟ್ಟವರಲ್ಲ, ಖಾರ ಯಾರ ಮನೆಯ ಬಾಗಿಲನ್ನೂ ಬಡಿಯಬಹುದು ಎಂದು ಎಲ್ಲರಿಗೂ ಗೊತ್ತು. ಮಾಸ್ತರು ಗಂಟಲು ಸರಿಮಾಡಿಕೊಂಡು, “ಖಾರ ಗೆದ್ದಿತು. ಚಂದ್ರವ್ವನ ಹೆಸರು ಹಂಗ ಇರ್ಲಿ,” ಎಂದರು. ಮಜ್ಜಿಗೆ ಬಂತು, ಕುಡಿದೆವು. ಶಿವಲಿಂಗವ್ವ ನನ್ನ ಹತ್ತಿರ ಬಂದು, “ಬಿಸಲಾಗ ಕುಂದರಬ್ಯಾಡ, ಮನೀಗೆ ನಡಿ,” ಎಂದು ನನ್ನ ಸೆರಗಿನ ಧೂಳು ಝಾಡಿಸಿದಳು. ಸೋತವಳು ಅವಳು, ಸಮಾಧಾನ ಮಾಡಿದ್ದು ನನ್ನನ್ನು. ಕಂಬದ ಹತ್ತಿರ ನೋಡಿದೆ. ಈರಭದ್ರಪ್ಪ ಇರಲಿಲ್ಲ.

ಆ ದಿನ ನಾನು ಡಬ್ಬಿ ಕಟ್ಟಲಿಲ್ಲ. ಅಡಿಗೆ ಮಾಡಿಟ್ಟು ಅದರ ಮುಂದೆ ಸುಮ್ಮನೆ ಕೂತೆ. ಊರು ಮರೆತಂತೆ ಇರುತ್ತದೆ, ಅದರ ಬಗ್ಗೆ ನನಗೆ ಅನುಮಾನ ಇರಲಿಲ್ಲ. ಆದರೆ ಅವರು ಬಾಗಿಲು ತೆಗೆದು ಇನ್ನೊಮ್ಮೆ ಬರ್ರಿ ಎನ್ನಲು ಆಗುತ್ತದೆಯೇ? ಎಂದರೂ ನಾನು ಒಳಗೆ ಕಾಲಿಡಲು ಆಗುತ್ತದೆಯೇ? ಹೆಸರು ಉಳಿಸಲು ಹೋಗಿ ದಿನಕ್ಕೆ ಒಂದು ಸಲ ಸಿಗುತ್ತಿದ್ದ ಆ ಒಂದು ಮಾತನ್ನೂ ಕಳೆದುಕೊಂಡೆ ಅನ್ನಿಸಿ ಸಂಕಟವಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಈರಭದ್ರಪ್ಪ ನನ್ನ ಮನೆಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಬೆಳಗಿನ ಸೀಸೆ ಇತ್ತು.

“ಇವತ್ತ ಬುತ್ತಿ ಬರಲಿಲ್ಲ,” ಎಂದರು.

“ಮಜ್ಜಿಗಿ ಕುಡದ ಮ್ಯಾಲ ಮಾತಿಲ್ಲರಿ,” ಎಂದೆ ಗೋಡೆ ನೋಡುತ್ತ.

“ಅದು ಖಾರದ ಮಾತಿಗೆ ಮಾಡಿದ ಕಟ್ಟಳಿ.” ಹೊಸ್ತಿಲ ಹೊರಗೇ ಕೂತುಕೊಂಡರು. “ನಾ ಇದನ್ನ ರುಚಿ ನೋಡೇನಿ ರೇವಕ್ಕ. ಸೀಸೀಗೆ ತುಂಬೂ ಮೊದಲ ನೋಡೇನಿ. ಕನ್ನಡಿ ಮುಂದ ನಿಂತು, ಈರಭದ್ರಾ ಆರಾಮ ಅದೀ ಏನು, ಅಂತ ನನ್ನ ನಾನ ಕೇಳಿದೆ. ಆರಾಮ ಅದೀನಿ ಅಂತ ಬೆಣ್ಣಿ ಜಾರಿದಂಗ ಬಂತು. ಅವತ್ತ ಗೊತ್ತಾತು, ಇದರಾಗ ಏನೂ ಇಲ್ಲಂತ.”

ನನ್ನ ಕೈಯಲ್ಲಿದ್ದ ಸೌಟು ಕೆಳಗಿಟ್ಟೆ.

“ಗೊತ್ತಿದ್ದೂ ಕಟ್ಟೀಗೆ ತಂದ್ರಿ?”

“ತಂದೆ. ಆಕಿ ಹೇಳಿದ್ದ ತಪ್ಪು ಅಂತ ಒಪ್ಕೊಳ್ಳಾಕ ಆಗಲಿಲ್ಲ. ಮಂದಿ ಮುಂದ ಇಟ್ರ ಖಾರ ಬಂದೀತೇನೋ ಅಂತ ಹುಚ್ಚ ಆಸೆ.” ಅವರು ಸೀಸೆಯನ್ನು ಕೈಯಲ್ಲಿ ತಿರುಗಿಸಿದರು. “ಬಿದ್ರ ಬೀಳ್ತೈತಿ, ಹೆಸರು ಇಳಸ್ತಾರ ಅಂತ ಗಟ್ಟಿ ಮಾಡ್ಕೊಂಡ ನಿಂತಿದ್ದೆ. ನೀವು ಹೇಳಿದ್ರಿ. ಇಡೀ ಕಟ್ಟಿ ಮ್ಯಾಲ ಖಾರ ಅಲ್ಲ, ರೇವಕ್ಕನ ಹೇಳಿದ್ದು ಅಂತ ಗೊತ್ತಿದ್ದಾಂವ ನಾ ಒಬ್ಬನ.”

ಅವರಿಗೆ ಗೊತ್ತಿತ್ತು ಎಂದು ಕೇಳಿ ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯದಾಯಿತು. ಬೆಳಗ್ಗೆ ಕಟ್ಟೆಯ ಮೇಲೆ ಆಗದಿದ್ದ ನಾಚಿಕೆ ಈಗ ಆಯಿತು. ನಮ್ಮೂರಲ್ಲಿ ಯಾರೂ ಯಾರಿಗೂ ಇಂಥದ್ದನ್ನು ಖಾರವಿಲ್ಲದೆ ಹೇಳಿದ್ದಿಲ್ಲ. ಹೇಳಿದವರನ್ನು ಏನೆಂದು ಕರೆಯಬೇಕು ಅನ್ನುವುದಕ್ಕೂ ನಮ್ಮಲ್ಲಿ ಒಂದು ಮಾತಿಲ್ಲ.

“ನಾ ಈಗ ಕಟ್ಟೀಗೆ ಹೋಗಿ, ಇದರಾಗ ಖಾರ ಇಲ್ಲ, ಹೆಸರು ತಗೀರಿ ಅಂತ ಹೇಳಾಂವ ಅದೀನಿ,” ಎಂದರು. “ಆಕಿ ಹೆಸರು ಹಚಗೊಂಡ ಸೀಸೆ ನೆಕ್ಕಿ ಮಂದಿ ಸುಳ್ಳ ಹೇಳೂದು ನನಗ ನೋಡಾಕ ಆಗೂದಿಲ್ಲ. ಆದ್ರ ನಾ ಹಂಗ ಹೇಳಿದ್ರ ನಿಮ್ಮ ಮಾತು ಊರಾಗ ನಿಮ್ಮ ಮಾತಾಗಿ ಉಳೀತೈತಿ. ಮಜ್ಜಿಗಿ ಅದನ್ನ ತೊಳಿಯೂದಿಲ್ಲ. ಅದಕ್ಕ ಮೊದಲ ನಿಮ್ಮನ್ನ ಕೇಳಾಕ ಬಂದೆ. ಬ್ಯಾಡ ಅಂದ್ರ ಬಾಯಿ ಮುಚಗೊಂಡ ಕುಂದರ್ತೀನಿ.”

ನನಗೆ ಸಿಟ್ಟು ನೆತ್ತಿಗೇರಿತು. “ಆಕಿ ಹೆಸರು ಉಳೀಲಿ ಅಂತ ನಾ ಅಷ್ಟ ಮಂದಿ ಮುಂದ ಬಾಯಿ ಬಿಟ್ಟೆ. ಈಗ ನೀವ ಹೋಗಿ ಅದನ್ನ ಇಳಸ್ತೀನಿ ಅಂತೀರಿ. ಹಂಗಾದ್ರ ನಾ ಬಾಯಿ ಬಿಟ್ಟಿದ್ದು ಯಾತಕ್ಕ?”

ಅವರು ಸೀಸೆಯನ್ನು ಹೊಸ್ತಿಲ ಮೇಲಿಟ್ಟರು. ಆಮೇಲೆ ಕೇಳಿದರು, “ಆಕಿ ಇದ್ದಿದ್ರ ಏನ ಮಾಡ್ತಿದ್ಲು?”

ಸೀಸೆ ಒಡೆಯುತ್ತಿದ್ದಳು. ಒಂದು ಬೆರಳು ನೆಕ್ಕಿ, ಥೂ ಎಂದು, ಅಂಗಳದ ಕಲ್ಲಿಗೆ ಕುಕ್ಕುತ್ತಿದ್ದಳು. ಇಬ್ಬರಿಗೂ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ನನಗೆ ನಗು ಬಂತು, ಅವರಿಗೂ ಬಂತು, ನಗುತ್ತ ನಗುತ್ತ ಅವರು ಭುಜದ ಮೇಲಿನ ವಸ್ತ್ರದಲ್ಲಿ ಮುಖ ಒತ್ತಿಕೊಂಡರು. ಸ್ವಲ್ಪ ಹೊತ್ತು ನಾನು ಅತ್ತ ನೋಡಲಿಲ್ಲ.

“ನನ್ನ ಕಡೆ ನಿಮ್ಮಂಥಾ ಉತ್ತರ ಇಲ್ಲ,” ಎಂದರು ಮುಖ ಒರೆಸಿಕೊಂಡು. “ಚಂದ್ರಿ ನನ್ನ ತಲ್ಯಾಗಿಂದ ಹೋಗಿಲ್ಲ, ಹೋಗೂದೂ ಇಲ್ಲ. ಆದ್ರ ಬಿಸಲು ಹೊಸ್ತಲಕ್ಕ ಬಂತಂದ್ರ ನನ್ನ ಕಿವಿ ಬಾಗಲಾ ಕಡೆ ಹೋಗ್ತಾವ. ಇವತ್ತ ನೀವು ಬರಲಿಲ್ಲ, ನನಗ ಕುಂತಲ್ಲಿ ಕುಂದರಾಕ ಆಗಲಿಲ್ಲ. ಎಷ್ಟ ಖರೇ ಐತಿ, ಅಷ್ಟ ಹೇಳೇನಿ.”

“ಏನರ ಖಾರ ತಿಂದ ಬಂದೀರಿ?”

“ಮುಂಜಾನಿಂದ ಏನೂ ತಿಂದಿಲ್ಲ.”

ನಾನು ಎದ್ದು ತಾಟು ಇಟ್ಟೆ. “ಮೊದಲ ಉಣ್ರಿ,” ಎಂದೆ. “ಉಂಡ ಮ್ಯಾಲ ಹೋಗೂಣು. ನಾನೂ ಬರ್ತೀನಿ.” ಅವರು ಒಳಗೆ ಬಂದು ಕೂತರು. ಎರಡು ರೊಟ್ಟಿ ಬಡಿಸಿದೆ, ತಲೆ ಎತ್ತದೆ ಉಂಡರು. ಮೂರನೆಯದನ್ನು ತಾವೇ ಕೇಳಿ ಹಾಕಿಸಿಕೊಂಡರು.

ಬಿಸಿಲು ತಣ್ಣಗಾದ ಮೇಲೆ ಕಟ್ಟೆಗೆ ಹೋದೆವು. ಇಬ್ಬರೂ ಒಟ್ಟಿಗೆ ಬರುವುದನ್ನು ನೋಡಿ ಮಂದಿ ಮಾತು ನಿಲ್ಲಿಸಿ, ಕಟ್ಟಳೆ ನೆನಪಾಗಿ ಮತ್ತೆ ಮಾತು ಶುರುಮಾಡಿದರು. ಈರಭದ್ರಪ್ಪ ಸೀಸೆಯನ್ನು ಮಾಸ್ತರ ಮುಂದಿಟ್ಟರು. “ಇದರಾಗ ಖಾರ ಇಲ್ಲರಿ. ಚಂದ್ರವ್ವನ ಹೆಸರು ತಗೀರಿ,” ಎಂದರು. ಹೇಳುವಾಗ ಧ್ವನಿ ಸ್ವಲ್ಪವೂ ನಡುಗಲಿಲ್ಲ. ಹೇಳಿ ಮುಗಿದ ಮೇಲೆ ಮಾತ್ರ ಹತ್ತಿರದ ಕಲ್ಲಿನ ಮೇಲೆ ಕೂತುಬಿಟ್ಟರು.

ಬೆಳಿಗ್ಗೆ ಗೆದ್ದ ಖಾರ ಸಂಜೆಗೆ ಇಲ್ಲ ಎಂದರೆ ಯಾರು ನಂಬುತ್ತಾರೆ? ಮಾಸ್ತರು ಹುಬ್ಬು ಗಂಟಿಕ್ಕಿ ತಾವೇ ಒಂದು ಬೆರಳು ತೆಗೆದು ಬಾಯಿಗಿಟ್ಟರು. ಚಪ್ಪರಿಸಿದರು. ಶಿವಲಿಂಗವ್ವ ಜನರ ನಡುವಿನಿಂದ ದಾರಿ ಮಾಡಿಕೊಂಡು ಮುಂದೆ ಬಂದು, “ಮಾಸ್ತರ, ರಾತ್ರಿ ಮಲಗಿದಾಗ ನೀವು ಗೊರಕಿ ಹೊಡಿತೀರೇನು?” ಎಂದು ಕೇಳಿದಳು. “ಛೇ, ಇಲ್ಲವ್ವಾ,” ಎಂದರು ಮಾಸ್ತರು, ಬಹಳ ಸಲೀಸಾಗಿ. ಅವರ ಓಣಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಸ್ತರಿಗೂ ಗೊತ್ತಾಯಿತು. ನಿಧಾನವಾಗಿ ಸೀಸೆಯ ಮುಚ್ಚಳ ಹಾಕಿದರು.

ಆಮೇಲೆ ಕಟ್ಟೆಯ ಮೇಲಿದ್ದವರ ತಲೆಗಳು ಒಂದೊಂದಾಗಿ ನನ್ನ ಕಡೆ ತಿರುಗಿದವು. ಬೆಳಿಗ್ಗೆ ತಗ್ಗಿದ್ದ ಕಣ್ಣುಗಳು ಈಗ ತಗ್ಗಲಿಲ್ಲ. ಶಿವಲಿಂಗವ್ವನ ಹೆಸರು ಏರುವ ಹೊತ್ತು ಅದು. ಅದನ್ನೂ ಮರೆತು ನನ್ನ ಹತ್ತಿರ ಬಂದಳು, ನನ್ನ ಮೊಣಕೈ ಹಿಡಿದಳು. ಇದನ್ನು ಕೇಳಬೇಕೋ ಬೇಡವೋ ಎಂದು ಅವಳಿಗೂ ತಿಳಿಯದೆ, ಮೆಲ್ಲಗೆ ಕೇಳಿದಳು.

“ಹಂಗಾದ್ರ ಮುಂಜಾನೆ ಹೇಳಿದ್ದು, ರೇವಕ್ಕ?”

ಕಲ್ಲಿನ ಮೇಲೆ ಕೂತಿದ್ದ ಈರಭದ್ರಪ್ಪ ತಲೆ ಎತ್ತಿದರು.

“ನಾನ ಹೇಳಿದ್ದು,” ಎಂದೆ.